ಸಹಾಯ ಬೇಕು: ಎಸ್‌ಕ್ಯುಲೈಟ್‌ನಲ್ಲಿ ಸಾವಿರಾರು ಸಾಲುಗಳ ಅಪ್‌ಡೇಟ್ ನಿಧಾನವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಸಮೀಪ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿಗೆ ನಾನು ಪೈಥಾನ್‌ನಲ್ಲಿ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ ಎಸ್‌ಕ್ಯುಲೈಟ್ (ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ತಂತ್ರಾಂಶ) ಬಳಸುತ್ತದೆ. ತಿಂಗಳ ಕೊನೆಗೆ 18,000 ಬಾಕ್ಸುಗಳ ಹಳೆಯ ಬಾಕಿಗೆ ಆ ತಿಂಗಳ ಬಾಡಿಗೆ ಕೂಡಿಸಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಗುಮಾಸ್ತರು ಚಹಾ ಕುಡಿದು ಬಂದರೂ ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧವೂ ತುಂಬಿರುತ್ತಿರಲಿಲ್ಲ.

ತಪ್ಪು ನನ್ನದೇ. ಪ್ರತಿ ಸಾಲಿಗೂ ತಿರುಗುವ ಲೂಪಿನ ಒಳಗೇ ಕಮಿಟ್ (ಬದಲಾವಣೆಯನ್ನು ಕಾಯಂ ಮಾಡುವ ಆದೇಶ) ಬರೆದಿದ್ದೆ. ಪ್ರತಿ ಕಮಿಟ್‌ಗೂ ದತ್ತಾಂಶ ಡಿಸ್ಕಿಗೆ ನಿಜವಾಗಿ ಇಳಿಯುವವರೆಗೆ ಕಾಯಬೇಕಾದ್ದರಿಂದ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸೆಕೆಂಡಿಗೆ ಕೆಲವು ಹತ್ತು ವಹಿವಾಟುಗಳಷ್ಟೇ ಮುಗಿಯುತ್ತವೆ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ, ಅಂದರೆ ಕೊನೆಗೊಮ್ಮೆ ಕಮಿಟ್ ಆಗುವ ಒಂದೇ ವಹಿವಾಟಿಗೆ, ತಂದ ಮೇಲೆ ಸಮಯ ಎರಡು ನಿಮಿಷಕ್ಕೆ ಇಳಿದಿದೆ.

ಆದರೆ ಆ ಎರಡು ನಿಮಿಷ ತೂಕದ ಕೌಂಟರಿನ ಕಂಪ್ಯೂಟರಿನಲ್ಲಿ 'ಡೇಟಾಬೇಸ್ ಲಾಕ್ ಆಗಿದೆ' ಎಂದು ಬಂದು ರಸೀದಿ ನಿಲ್ಲುತ್ತದೆ. ಫೈಲು ಶೇರ್ಡ್ ಫೋಲ್ಡರಿನಲ್ಲಿರುವುದರಿಂದ, ನೆಟ್‌ವರ್ಕ್ ಮೂಲಕ ಕೆಲಸ ಮಾಡದ ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ವಿಧಾನ) ನಮಗೆ ಒದಗುವುದಿಲ್ಲ. ಸಿಂಕ್ರೊನಸ್ ಆಫ್ ಮಾಡಲು, ಅಂದರೆ ದತ್ತಾಂಶ ಡಿಸ್ಕಿಗೆ ಇಳಿಯುವವರೆಗೆ ಕಾಯದೆ ಮುಂದುವರಿಯಲು, ಇಲ್ಲಿ ಕರೆಂಟು ಹೋಗುವ ಪರಿ ನೋಡಿದರೆ, ನನಗೆ ಧೈರ್ಯವಿಲ್ಲ. ಸಾವಿರ ಸಾಲಿಗೊಮ್ಮೆ ಕಮಿಟ್ ಮಾಡೋಣವೆಂದರೆ, ನಡುವೆ ನಿಂತು ಮತ್ತೆ ಓಡಿಸಿದಾಗ ಕೆಲವು ರೈತರಿಗೆ ಬಾಡಿಗೆ ಎರಡು ಸಲ ಕೂಡುತ್ತದೆ.

ಸಾಲುಗಳನ್ನು ಹೇಗೆ ಹುಡುಕಲಾಗುತ್ತದೆ ಎಂದು ತಿಳಿಸುವ 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಆದೇಶ ಪ್ರತಿ ಅಪ್‌ಡೇಟಿಗೂ 'ಸ್ಕ್ಯಾನ್' (ಇಡೀ ಟೇಬಲ್ ಓದುವುದು) ಎಂದೇ ತೋರಿಸುತ್ತದೆ. ಲಾಟ್ ಸಂಖ್ಯೆ ಮತ್ತು ಬಾಕ್ಸ್ ಸಂಖ್ಯೆ ಎರಡನ್ನೂ ಸೇರಿಸಿ ಇಂಡೆಕ್ಸ್ (ಸಾಲನ್ನು ಬೇಗ ಹುಡುಕುವ ಸೂಚಿ) ಮಾಡಿದರೆ ಸಾಕೇ, ಅಥವಾ ಹೊಸ ಮೊತ್ತಗಳನ್ನು ತಾತ್ಕಾಲಿಕ ಟೇಬಲ್ಲಿಗೆ ತುಂಬಿ, 3.33 ಆವೃತ್ತಿಯಿಂದ ಬಂದಿರುವ 'ಅಪ್‌ಡೇಟ್ ಫ್ರಮ್' ಮೂಲಕ ಒಂದೇ ಆದೇಶದಲ್ಲಿ ಮುಗಿಸುವುದು ಲೇಸೇ? ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.