ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವಯಸ್ಸು, ಯಾರೂ ಮೈ ಬಗ್ಗಿಸಲ್ಲ. ಹೇಗೆ ಎಬ್ಬಿಸಲಿ?

ವಿನೋಬನಗರದ ಗೃಹಿಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ಜನ. ಅತ್ತೆಗೆ 68 ವರ್ಷ. ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಯಜಮಾನರಿಗೆ 46. ಎ.ಪಿ.ಎಂ.ಸಿ.ಯಲ್ಲಿ ದಲಾಲಿ ಅಂಗಡಿ. ಬೆಳಿಗ್ಗೆ ಹೋದವರು ರಾತ್ರಿವರೆಗೆ ಗಾದಿ ಮೇಲೆ ಕೂತೇ ಇರುತ್ತಾರೆ. ಮೆಕ್ಕೆಜೋಳದ ಸೀಸನ್‌ನಲ್ಲಂತೂ ಊಟವೂ ಅಲ್ಲೇ. ಮಗಳು ಒಂಬತ್ತನೇ ಕ್ಲಾಸು. ಏಳನೇ ಕ್ಲಾಸಿನವರೆಗೆ ಖೋ ಖೋ ಆಡುತ್ತಿದ್ದಳು, ತಾಲ್ಲೂಕು ಮಟ್ಟಕ್ಕೂ ಹೋಗಿದ್ದಳು. ಈಗ ಶಾಲೆ, ಟ್ಯೂಷನ್, ಅವಳ ರೂಮು ಅಷ್ಟೇ. ಮಗನಿಗೆ 7. ಮೊಬೈಲ್ ಕಿತ್ತುಕೊಂಡರೆ ಟಿ.ವಿ., ಟಿ.ವಿ. ಆರಿಸಿದರೆ ಅಳು.

ನನಗೆ 40. "ನಿನಗೆ ಮನೆ ಕೆಲಸವೇ ವ್ಯಾಯಾಮ" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಟ್ಟೆ ಒಣಗಿಸೋಕೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ.

ಹೇಳಿ ಹೇಳಿ ಸಾಕಾಗಿದೆ. ಡಾಕ್ಟರು ಅತ್ತೆಗೆ ದಿನಾ ನಡೆಯಿರಿ ಎಂದಿದ್ದಾರೆ. "ನೋಯುವ ಕಾಲಲ್ಲಿ ಹೇಗೆ ನಡೀಲಿ?" ಅಂತ ಅವರು ಕೇಳುತ್ತಾರೆ. ಅದೂ ನಿಜವೇ ಅಲ್ವಾ. ಯಾರಿಗೆ ಎಷ್ಟು ಬೇಕು? ಯಾರನ್ನು ಹೇಗೆ ಹೊರಡಿಸಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಕೆರೆ ಏರಿ

ಅಕ್ಕಾ, ಕುಂದುವಾಡ ಕೆರೆಗೆ ಬನ್ನಿ. ಬೆಳಿಗ್ಗೆ ಆರಕ್ಕೆಲ್ಲ ಏರಿ ತುಂಬ ಜನ ಇರುತ್ತಾರೆ. ಹೆಂಗಸರ ಗುಂಪುಗಳೂ ಬೇಕಾದಷ್ಟಿವೆ, ಒಬ್ಬರೇ ಅಂತ ಹೆದರಿಕೆ ಇಲ್ಲ. ಭಾನುವಾರ ಎಲ್ಲರನ್ನೂ ಕರೆದುಕೊಂಡು ಬನ್ನಿ. ಮಕ್ಕಳಿಗೆ ಪಕ್ಕದಲ್ಲೇ ಗಾಜಿನ ಮನೆ ಇದೆ. ಮೊಬೈಲಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಳ್ಳಿ, ದಿನಕ್ಕೆ ಹತ್ತು ಸಾವಿರ ಆಗಲೇಬೇಕು.

ಹಳೇಪೇಟೆ ಹುಡುಗ

ನಮ್ಮದು ಕುಸ್ತಿಯ ಊರು. ಯಜಮಾನರನ್ನು ಗರಡಿಗೆ ಕಳಿಸಿ. ಕೆಮ್ಮಣ್ಣಲ್ಲಿ ಸಾಮು ಮಾಡಿದರೆ ಮೈ ಹಗುರ ಆಗುತ್ತದೆ. ದಿನಾ ನೂರು ಬಸ್ಕಿ ಹೊಡೆಯಲಿ, ಬೇರೆ ಏನೂ ಬೇಡ. ಇಲ್ಲ ಅಂದರೆ ವಾರಕ್ಕೊಮ್ಮೆ ಎಲ್ಲರೂ ದುರ್ಗದ ಕೋಟೆ ಹತ್ತಿ ಬನ್ನಿ.

ನಿವೃತ್ತ ಪಿ.ಟಿ. ಮೇಷ್ಟ್ರು, ಚಿತ್ರದುರ್ಗ

ತಂಗೀ, ನಾನು ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಹಿರಿಯೂರು, ಹೊಳಲ್ಕೆರೆ ಸುತ್ತಿ ಕೊನೆಗೆ ದುರ್ಗಕ್ಕೆ ಬಂದೆ. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಉದ್ದಕ್ಕೇ ಬರೆಯಬೇಕು ಅನ್ನಿಸಿತು.

"ಆರೋಗ್ಯಕ್ಕೆ ಒಳ್ಳೇದು" ಅಂತ ಹೇಳಿ ಯಾರನ್ನೂ ಎಬ್ಬಿಸೋಕೆ ಆಗಲ್ಲ. ಅಷ್ಟು ವರ್ಷ ಮಕ್ಕಳನ್ನು ಮೈದಾನಕ್ಕೆ ಇಳಿಸಿದ್ದೇನೆ. ಆರೋಗ್ಯ ಬೇಕು ಅಂತ ಬಂದ ಮಗು ನನಗೆ ನೆನಪಿಲ್ಲ. ಗೆಳತಿ ಬರುತ್ತಾಳೆ ಅಂತ ಬಂದರು. ತಂಡಕ್ಕೆ ಒಬ್ಬರು ಕಡಿಮೆ ಇದ್ದಾರೆ, ನೀನೇ ಬೇಕು ಅಂದಾಗ ಓಡಿ ಬಂದರು. ದೊಡ್ಡವರೂ ಹಾಗೇ. ನಮ್ಮ ಕೋಟೆಗೆ ಬೆಳಗಿನ ಜಾವ ಹತ್ತುವವರನ್ನು ನೋಡಿ. ಬಾಗಿಲ ಹತ್ತಿರ ಜೊತೆಗಾರರು ಕಾಯುತ್ತಿರುತ್ತಾರೆ. ಒಂದು ದಿನ ತಪ್ಪಿಸಿದರೆ "ಯಾಕೆ ಬರಲಿಲ್ಲ?" ಅಂತ ಕೇಳುವವರಿದ್ದಾರೆ. ಮಳೆಯಲ್ಲೂ ಹತ್ತಿಸುವುದು ಆ ಪ್ರಶ್ನೆಯೇ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಹೋಗಲು ಒಂದು ಜಾಗ, ಅಲ್ಲಿ ಕಾಯುವ ಒಬ್ಬರು ಬೇಕು. ಎಲ್ಲರನ್ನೂ ಒಂದೇ ಕಡೆ, ಒಂದೇ ಹೊತ್ತಿಗೆ ಹೊರಡಿಸೋಕೆ ಹೋಗಬೇಡಿ. ಎರಡು ಭಾನುವಾರ ನಡೆದೀತು, ಮೂರನೆಯದಕ್ಕೆ ನಿಂತುಹೋಗುತ್ತದೆ.

ಎಷ್ಟು ಬೇಕು ಅಂದಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಆಟ ಓಟ. ಒಂದೇ ಸಲಕ್ಕೆ ಆಗಬೇಕಿಲ್ಲ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. 65 ದಾಟಿದವರಿಗೂ ಇಷ್ಟೇ ಬೇಕು. ಅವರಿಗೆ ವಾರಕ್ಕೆ ಮೂರು ದಿನ ಬೀಳದಂತೆ ಸಮತೋಲ ಕಲಿಸುವ ವ್ಯಾಯಾಮವೂ ಸೇರಬೇಕು. ಇಷ್ಟು ಆಗದಿದ್ದರೆ ಬಿಟ್ಟೇಬಿಡಿ ಅಂತ ಅಲ್ಲ, ಹತ್ತು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ. ಬಿರುಸು ಅಂದರೆ ಎಷ್ಟು ಅಂತ ತಿಳಿಯಲು ಗಡಿಯಾರ ಬೇಡ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು.

ಹತ್ತು ಸಾವಿರ ಹೆಜ್ಜೆ ಅಂದವರಿಗೂ ಒಂದು ಮಾತು. ಆ ಅಂಕೆ ಯಾವ ಡಾಕ್ಟರೂ ಅಳೆದು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಬಂದದ್ದು. 68ರ ಹಿರಿಯರಿಗೆ ಮೊದಲ ದಿನವೇ ಅದನ್ನು ಹೇಳಿದರೆ ಅವರು ಚಪ್ಪಲಿಯನ್ನೇ ಮೆಟ್ಟಲ್ಲ.

ನಿಮ್ಮ ಮಗಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಏಳನೇ ಕ್ಲಾಸಿಂದ ಒಂಬತ್ತಕ್ಕೆ ಬರುವಾಗ ಹೆಣ್ಣುಮಕ್ಕಳು ಮೈದಾನ ಬಿಡುವುದನ್ನು ವರ್ಷ ವರ್ಷವೂ ನೋಡಿದ್ದೇನೆ. ಒಳ್ಳೊಳ್ಳೆ ಆಟಗಾರ್ತಿಯರೇ ಬಿಟ್ಟುಬಿಡುತ್ತಾರೆ. ಇದನ್ನು ಸೋಮಾರಿತನ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಮೈ ಬದಲಾಗುತ್ತಿರುತ್ತದೆ. ತಿಂಗಳ ದಿನಗಳು ಶುರುವಾಗಿರುತ್ತವೆ. ಶನಿವಾರ ಪಿ.ಟಿ.ಗೆ ಬಿಳಿ ಡ್ರೆಸ್. ಕೂತು ಏಳುವ ಆಟದಲ್ಲಿ ಆ ಬಿಳಿ ಬಟ್ಟೆ ಎಷ್ಟು ಭಯ ಕೊಡುತ್ತದೆ ಅಂತ ಮೇಷ್ಟ್ರುಗಳಿಗೆ ಹೊಳೆಯುವುದೇ ಇಲ್ಲ. ಕಾಂಪೌಂಡಿನ ಆಚೆ ನಿಂತು ನೋಡುವ ಹುಡುಗರು. ಬಟ್ಟೆ ಬದಲಿಸೋಕೆ ಬಾಗಿಲಿರುವ ಕೋಣೆ ಇಲ್ಲ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಕಪ್ಪು ಟ್ರ್ಯಾಕ್ ಪ್ಯಾಂಟ್, ಸ್ವಲ್ಪ ಉದ್ದದ ಟೀ ಶರ್ಟ್ ಹಾಕಲು ಬಿಟ್ಟೆವು. ಪ್ರಯೋಗಾಲಯದ ಪಕ್ಕದ ಕೋಣೆಯ ಬೀಗದ ಕೈಯನ್ನು ತಂಡದ ನಾಯಕಿಗೇ ಕೊಟ್ಟೆವು. ಅಷ್ಟಕ್ಕೇ ಎಷ್ಟೋ ಮಕ್ಕಳು ವಾಪಸ್ ಬಂದರು.

ಇದು ನಿಮ್ಮ ಮನೆಯ ಮಾತಷ್ಟೇ ಅಲ್ಲ. 146 ದೇಶಗಳ ಲೆಕ್ಕ 2019ರಲ್ಲಿ ಹೊರಬಂತು. 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ 85 ಜನ ಬೇಕಾದಷ್ಟು ಮೈ ಆಡಿಸುತ್ತಿಲ್ಲ. ಹುಡುಗರಲ್ಲಿ 78. ಇಬ್ಬರದೂ ಕೆಟ್ಟದ್ದೇ, ಆದರೆ ಹುಡುಗಿಯರ ಪಾಡು ಇನ್ನೂ ಕೆಟ್ಟದ್ದು. ಆದ್ದರಿಂದ "ಯಾಕೆ ಆಡಲ್ಲ?" ಅಂತ ಗದರಿಸಬೇಡಿ. "ಏನು ತೊಂದರೆ ಆಯಿತು?" ಅಂತ ಕೇಳಿ. ಒಂದೇ ಸಲಕ್ಕೆ ಹೇಳಲ್ಲ, ಪಾತ್ರೆ ತೊಳೆಯುವಾಗಲೋ ಜಡೆ ಹಾಕುವಾಗಲೋ ಹೇಳುತ್ತಾಳೆ.

ಟ್ಯೂಷನ್‌ಗೆ ಸ್ಕೂಟರಲ್ಲಿ ಬಿಡುತ್ತೀರಾ? ರಸ್ತೆ ಸುರಕ್ಷಿತವಾಗಿದ್ದರೆ ಸೈಕಲ್ ಕೊಡಿಸಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ನಾನು ಹಳ್ಳಿ ಶಾಲೆಯಲ್ಲಿದ್ದೆ. ಬಸ್ಸಿಗೆ ಕಾದು ಸುಸ್ತಾಗಿ ಬರುತ್ತಿದ್ದ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಬರುವುದನ್ನು ನೋಡಿ ಕಣ್ಣು ತುಂಬಿತ್ತು. ಅವರ ಓಟದ ದಮ್ಮೂ ಜಾಸ್ತಿ ಆಯಿತು.

ಮಗನಿಗೆ ವ್ಯಾಯಾಮ ಅನ್ನುವ ಮಾತೇ ಬೇಡ. ಓಣಿಯ ಇನ್ನೂ ಇಬ್ಬರು ಮಕ್ಕಳನ್ನು ಸಂಜೆ ಕರೆಯಿರಿ. ಒಂದು ಚೆಂಡು, ಏಳು ಬಿಲ್ಲೆ ಕೊಡಿ. ಲಗೋರಿ ಅವರೇ ಆಡಿಕೊಳ್ಳುತ್ತಾರೆ. ಮೊಬೈಲ್ ಕಿತ್ತುಕೊಂಡು ಸುಮ್ನೆ ಕೂರಿಸಿದರೆ ಮಗು ಅಳದೆ ಏನು ಮಾಡುತ್ತದೆ?

ಯಜಮಾನರಿಗೆ ಎ.ಪಿ.ಎಂ.ಸಿ. ಯಾರ್ಡೇ ಮೈದಾನ. ರಾಶಿ ನೋಡೋಕೆ ಗುಮಾಸ್ತರನ್ನು ಕಳಿಸುವ ಬದಲು ತಾವೇ ನಡೆದು ಹೋಗಲಿ. ಫೋನ್ ಬಂದರೆ ಎದ್ದು ಓಡಾಡುತ್ತಾ ಮಾತಾಡಲಿ. ಪಕ್ಕದ ಅಂಗಡಿಯವರೊಬ್ಬರನ್ನು ಜೊತೆ ಮಾಡಿಕೊಂಡು, ಬಾಗಿಲು ತೆಗೆಯುವ ಮುಂಚೆ ಅರ್ಧ ಗಂಟೆ ನಡೆದರೆ ವಾರದ 150 ನಿಮಿಷ ಅಲ್ಲೇ ಮುಗಿಯುತ್ತದೆ. ನೂರು ಬಸ್ಕಿ ಈಗಲೇ ಬೇಡ. ಗರಡಿಯ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅಲ್ಲೂ ಉಸ್ತಾದರು ಹೊಸಬರಿಗೆ ಮೊದಲ ದಿನವೇ ನೂರು ಹೊಡೆಸುವುದಿಲ್ಲ. ಬಿ.ಪಿ., ಸಕ್ಕರೆ ನೋಡಿಸಿಕೊಂಡು ಹತ್ತರಿಂದ ಶುರು ಮಾಡಲಿ.

ಕೋಟೆಗೆ ನೀವು, ಯಜಮಾನರು, ಮಕ್ಕಳು ಖಂಡಿತ ಬನ್ನಿ. ಏಳು ಸುತ್ತೂ ನೋಡಿ. ಅತ್ತೆಯವರನ್ನು ಮಾತ್ರ ಹತ್ತಿಸಬೇಡಿ. ಮೆಟ್ಟಿಲುಗಳು ಏರುಪೇರು, ಇಳಿಯುವಾಗ ಮೊಣಕಾಲಿಗೆ ಭಾರ ಜಾಸ್ತಿ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ಮೇಷ್ಟ್ರು ಹೇಳಿದ್ದು ಸರಿ. ಅತ್ತೆಯವರ ಬಗ್ಗೆ ನಾನು ಸೇರಿಸುತ್ತೇನೆ.

ಸವೆತದ ಮೊಣಕಾಲಿಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಹೆಚ್ಚೇ ಆಗುತ್ತದೆ. ತೊಡೆಯ ಮುಂದಿನ ಸ್ನಾಯು ಸೋತರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಮೊದಲು ಅದನ್ನು ಗಟ್ಟಿ ಮಾಡಿ. ಕುರ್ಚಿಯಲ್ಲಿ ಕೂರಿಸಿ, ಒಂದು ಕಾಲು ನೇರ ಮಾಡಿ ಐದು ಎಣಿಸುವವರೆಗೆ ಹಿಡಿದು ನಿಧಾನ ಇಳಿಸಲಿ. ಎರಡೂ ಕಾಲಿಗೆ ಹತ್ತು ಹತ್ತು ಸಲ. ಧಾರಾವಾಹಿ ನೋಡುತ್ತಲೇ ಮಾಡಬಹುದು. ಆಮೇಲೆ ಎತ್ತರದ ಕುರ್ಚಿಯಿಂದ ಎದ್ದು ಕೂರುವುದು. ಸಮತೋಲಕ್ಕೆ ಅಡುಗೆ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲಲಿ, ನೀವು ಪಕ್ಕದಲ್ಲಿರಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನವೂ ಹೆಚ್ಚಿದ್ದರೆ ಅಥವಾ ಕಾಲು ಊದಿದರೆ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ.

ಸಕ್ಕರೆ ಇರುವುದರಿಂದ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು ತುಂಬ ಒಳ್ಳೆಯದು. ಊಟದ ನಂತರ ಏರುವ ಸಕ್ಕರೆ ಅದರಿಂದ ತಗ್ಗುತ್ತದೆ. ವರಾಂಡ ಸಾಕು. ಬರಿಗಾಲು ಬೇಡ. ರಾತ್ರಿ ಪಾದ ತಿರುಗಿಸಿ ಗಾಯ, ಬೊಕ್ಕೆ ಇದೆಯಾ ಅಂತ ನೀವೇ ನೋಡಿ. ಸ್ಪರ್ಶ ಕಡಿಮೆಯಾಗಿದ್ದರೆ ಅವರಿಗೆ ಗೊತ್ತೇ ಆಗಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಹೊರಗೆ ಹೋಗುವಾಗ ಸಕ್ಕರೆಯೋ ಗ್ಲೂಕೋಸೋ ಜೊತೆಗಿರಲಿ, ರಕ್ತದ ಸಕ್ಕರೆ ತೀರಾ ಇಳಿದರೆ ತಿನ್ನಲು.

ಇನ್ನು ನೀವು. ಎರಡು ಮಹಡಿಗೆ ಏದುಸಿರು ಬಂದರೆ ಅಭ್ಯಾಸ ಇಲ್ಲ ಅಂದುಕೊಂಡು ಸುಮ್ಮನಾಗಬೇಡಿ. ಮೊದಲು ಹಿಮೋಗ್ಲೋಬಿನ್ ನೋಡಿಸಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆ. ಥೈರಾಯ್ಡೂ ನೋಡಿಸಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಂತು ಡಾಕ್ಟರ ಬಳಿ ಹೋಗಿ. ಮನೆ ಕೆಲಸದಲ್ಲೂ ನೆಲ ಒರೆಸುವುದು, ನೀರು ಹೊರುವುದು ಲೆಕ್ಕಕ್ಕೆ ಬರುತ್ತದೆ. ಒಲೆ ಮುಂದೆ ಎರಡು ಗಂಟೆ ನಿಂತರೆ ಸೊಂಟ ದಣಿಯುತ್ತದೆ, ಹೃದಯಕ್ಕೆ ಕೆಲಸ ಸಿಗುವುದಿಲ್ಲ. ಮನೆಯ ಎಲ್ಲರ ಪಟ್ಟಿ ಹಾಕಿದ್ದೀರಿ, ನಿಮ್ಮದೇ ಅರ್ಧ ಗಂಟೆಯನ್ನೂ ಅದರಲ್ಲಿ ಬರೆದುಕೊಳ್ಳಿ. ಆ ಹೊತ್ತಿಗೆ ಕುಕ್ಕರ್ ಬೇರೆ ಯಾರಾದರೂ ಇಡಲಿ.

ವಿನೋಬನಗರದ ಗೃಹಿಣಿ, ದಾವಣಗೆರೆ

ಎಲ್ಲರಿಗೂ ತುಂಬ ಧನ್ಯವಾದ. ನಾಳೆ ರಕ್ತ ಪರೀಕ್ಷೆಗೆ ಹೋಗುತ್ತೇನೆ. ಅತ್ತೆ ಕುರ್ಚಿ ವ್ಯಾಯಾಮ ಇವತ್ತೇ ಮಾಡಿದರು. ಎದುರು ಮನೆ ಅಜ್ಜಿಯನ್ನೂ ಕೂರಿಸಿಕೊಂಡು ಇಬ್ಬರೂ ಎಣಿಸುತ್ತಿದ್ದರು.

ಮೇಷ್ಟ್ರೇ, ನಿಮ್ಮ ಉತ್ತರವನ್ನು ಮಗಳಿಗೆ ಓದಲು ಕೊಟ್ಟೆ. ಬಿಳಿ ಡ್ರೆಸ್ ಅನ್ನುವ ಕಡೆ ಬಂದಾಗ "ಅಮ್ಮಾ, ಇವರಿಗೆ ಹೇಗೆ ಗೊತ್ತು?" ಅಂದಳು. ಆಮೇಲೆ ತುಂಬ ಹೊತ್ತು ಮಾತಾಡಿದಳು. ಮತ್ತೆ ಆಡೋಕೆ ಆಸೆ ಇದೆಯಂತೆ. ಆದರೆ ಎರಡು ವರ್ಷ ಬಿಟ್ಟಿದ್ದೇನೆ, ತಂಡದಲ್ಲಿ ಸೇರಿಸುತ್ತಾರಾ, ಓಡೋಕೆ ಆಗುತ್ತಾ ಅಂತ ಹೆದರಿಕೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಪಿ.ಟಿ. ಮೇಷ್ಟ್ರು, ಚಿತ್ರದುರ್ಗ

ಬಹಳ ಸಂತೋಷ ಆಯಿತು ತಂಗೀ. ಶಾಲೆಗೆ ನೀವೇ ಹೋಗಿ ಪಿ.ಟಿ. ಶಿಕ್ಷಕರನ್ನು ನೋಡಿ, ಅವಳ ಕೈಲಿ ಕೇಳಿಸಬೇಡಿ. ಕಪ್ಪು ಪ್ಯಾಂಟಿಗೆ ಅನುಮತಿಯನ್ನೂ ನೀವೇ ಕೇಳಿ. ಬೇರೆ ತಾಯಂದಿರು ಒಬ್ಬಿಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ತಂಡದಲ್ಲಿ ಹನ್ನೆರಡು ಹೆಸರಿರುತ್ತವೆ, ಅಂಕಣಕ್ಕೆ ಇಳಿಯುವವರು ಒಂಬತ್ತೇ ಜನ. ಅಭ್ಯಾಸಕ್ಕೆ ಎದುರು ತಂಡವೂ ಬೇಕಲ್ಲ, ಹಾಗಾಗಿ ಬಂದ ಮಗುವನ್ನು ಯಾವ ಶಿಕ್ಷಕರೂ ಬೇಡ ಅನ್ನಲ್ಲ.

ಮೊದಲ ಎರಡು ವಾರ ಖೋ ಆಟಕ್ಕೆ ಇಳಿಯದೆ ಬರೀ ನಿಧಾನದ ಓಟ, ಸ್ಕಿಪ್ಪಿಂಗ್ ಮಾಡಲಿ. ಆಮೇಲೆ ಸಣ್ಣ ಸಣ್ಣ ವೇಗದ ಓಟ. ಕಂಬ ತಿರುಗುವುದು, ಡೈವ್ ಹೊಡೆಯುವುದು ಕೊನೆಗೆ. ಗ್ಯಾಪ್ ಆದವರಿಗೆ ಕಂಬದ ಹತ್ತಿರವೇ ಪಾದದ ಗಂಟು ಉಳುಕುವುದು. ಹಳೇ ಶೂ ಈಗ ಬಿಗಿಯಾಗಿರುತ್ತದೆ, ಹೊಸದು ಕೊಡಿಸಿ. ಸಂಜೆ ಐದೂವರೆ ಮೇಲೆ ಆಡಲಿ, ಆಡುವ ಮುಂಚೆ ನೀರು ಕುಡಿಯಲಿ. ಟ್ಯೂಷನ್ ಅದೇ ಹೊತ್ತಿಗಿದ್ದರೆ ಬೇರೆ ಬ್ಯಾಚಿಗೆ ಹಾಕಿ.