ಮನೆಯ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕೇ? ಅನುಭವವಿರುವವರು ಹೇಳಿ

ಪ್ರಶ್ನೆ ಕೇಳಿದವರು

ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್‌ನಲ್ಲಿ ಆಂಟಿವೈರಸ್ ಒಂದು ಮೊದಲೇ ಕೂತಿತ್ತು. ಅದರ ಉಚಿತ ಅವಧಿ ಈಗ ಮುಗಿದಿದೆ. ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ದಿನಕ್ಕೆ ಐದಾರು ಸಲ ಇಣುಕಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಹೆದರಿಸುತ್ತದೆ. ಯಂತ್ರದಲ್ಲಿರುವುದು ವಿಂಡೋಸ್ 11. ಬ್ಯಾಂಕ್ ವ್ಯವಹಾರ, ಒಂದಿಷ್ಟು ಇ-ಮೇಲ್, ಮಕ್ಕಳ ಫೋಟೊಗಳು, ಇಷ್ಟೇ ನನ್ನ ಬಳಕೆ. ಸ್ನೇಹಿತರೊಬ್ಬರು ‘ಹಾಕಿಸದಿದ್ದರೆ ಕೆಟ್ಟಿರಿ’ ಎನ್ನುತ್ತಾರೆ, ಇನ್ನೊಬ್ಬರು ‘ಅದೆಲ್ಲ ವ್ಯಾಪಾರ’ ಎಂದು ನಗುತ್ತಾರೆ. ಪೆಟ್ಟು ತಿಂದವರು, ತಿನ್ನದೆ ಉಳಿದವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ದುರಸ್ತಿ ಕೆಲಸದವರು

ಇಪ್ಪತ್ತು ವರ್ಷಗಳಿಂದ ಕೆಟ್ಟ ಕಂಪ್ಯೂಟರುಗಳನ್ನು ಮುಂದಿಟ್ಟುಕೊಂಡು ಕೂರುವುದೇ ನನ್ನ ಕಸುಬು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಪ್ರಶ್ನೆ ಕೇಳಿದ್ದರೆ ಮರುಮಾತಿಲ್ಲದೆ ‘ಹಾಕಿಸಿ’ ಎನ್ನುತ್ತಿದ್ದೆ. ಆಗ ಯಾರದೋ ಪೆನ್ ಡ್ರೈವ್ ಚುಚ್ಚಿ ತೆರೆಯಲು ಹೋದರೆ ಸಾಕು, ಅದರೊಳಗಿನ ಆಟೋರನ್ ಕಡತ ವೈರಸ್ಸನ್ನು ಎಬ್ಬಿಸಿ ಕೂರಿಸುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವೈರಸ್ ಹಬ್ಬಿದ ದಾರಿಗಳಲ್ಲಿ ಇದೂ ಒಂದು. 2011ರಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕಳಿಸಿ ಆ ದಾರಿಯನ್ನು ಮುಚ್ಚಿತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ಸನ್ನು ವಿಂಡೋಸ್ ಜೊತೆಗೇ ಕೊಡತೊಡಗಿತು. ಮೊದಮೊದಲು ಅದು ಪರೀಕ್ಷೆಗಳಲ್ಲಿ ಕೊನೆಯ ಬೆಂಚಿನ ಹುಡುಗನಂತಿತ್ತು. ನಾನೂ ಗೇಲಿ ಮಾಡಿದ್ದೇನೆ. ಈಗ ಎವಿ-ಟೆಸ್ಟ್‌ನಂಥ ಸ್ವತಂತ್ರ ಪ್ರಯೋಗಾಲಯಗಳಲ್ಲಿ ದುಡ್ಡಿನ ತಂತ್ರಾಂಶಗಳ ಸಾಲಿನಲ್ಲೇ ಕೂರುತ್ತದೆ.

ಹಾಗಾಗಿ ಆಂಟಿವೈರಸ್ ಬೇಕೇ ಎಂದು ನೀವು ಕೇಳುತ್ತಿದ್ದೀರಿ, ಅದು ನಿಮ್ಮ ಬಳಿ ಆಗಲೇ ಇದೆ. ಕೇಳಬೇಕಾದದ್ದು ಅದು ಎಚ್ಚರವಾಗಿದೆಯೇ ಎಂದು. ಹೊರಗಿನ ಆಂಟಿವೈರಸ್ ಒಂದು ಬಂದು ಕೂತರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅವಧಿ ಮುಗಿದದ್ದನ್ನು ಹಾಗೇ ಇಟ್ಟುಕೊಳ್ಳುವುದು ನಾನು ಕಾಣುವ ಸರ್ವೇಸಾಮಾನ್ಯ ತಪ್ಪು: ಇದ್ದವನು ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಮಾಡುವವನಿಗೂ ಜಾಗ ಬಿಡುವುದಿಲ್ಲ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಹಟ ಮಾಡಿದರೆ ಅದೇ ಕಂಪನಿಯ ಜಾಲತಾಣದಲ್ಲಿ ಬೇರುಸಹಿತ ಕಿತ್ತುಹಾಕುವ ಉಪಕರಣ ಸಿಗುತ್ತದೆ. ಮರುಚಾಲನೆ ಮಾಡಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ರಿಯಲ್ ಟೈಮ್ ಪ್ರೊಟೆಕ್ಷನ್’ ಚಾಲೂ ಇದೆಯೇ ನೋಡಿ. ಒಂದಕ್ಕೆ ಎರಡಿರಲಿ ಎಂದು ಎರಡು ಆಂಟಿವೈರಸ್ ಹಾಕಿಕೊಳ್ಳಬೇಡಿ. ಇಬ್ಬರು ಕಾವಲುಗಾರರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದಂತಾಗುತ್ತದೆ, ಯಂತ್ರ ಬಸವನಹುಳುವಾಗುತ್ತದೆ.

ಅಂದ ಹಾಗೆ, ಆ ಕೆಂಪು ಪಟ್ಟಿಯ ಸಣ್ಣಕ್ಷರದಲ್ಲಿ ಯಾವ ತಂತ್ರಾಂಶದ ಹೆಸರಿದೆ?

ಲೆಕ್ಕಪತ್ರದ ಕೆಲಸದವರು

ನಾನು ಪೆಟ್ಟು ತಿಂದವಳು, ಅದೂ ದುಡ್ಡು ಕೊಟ್ಟ ಆಂಟಿವೈರಸ್ ಚಾಲೂ ಇದ್ದಾಗಲೇ. ವರ್ಷಾಂತ್ಯದ ಗಡಿಬಿಡಿಯಲ್ಲಿ ‘ಬಾಕಿ ಬಿಲ್ಲು’ ಎಂಬ ಇ-ಮೇಲ್ ಬಂತು. ಜೊತೆಗೊಂದು ಜಿಪ್ ಕಡತ, ಅದನ್ನು ತೆರೆಯುವ ಪಾಸ್‌ವರ್ಡ್ ಇ-ಮೇಲ್‌ನಲ್ಲೇ. ಎಷ್ಟು ಜಾಗರೂಕ ಜನ ಎಂದುಕೊಂಡೆ! ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗೆ ಆಂಟಿವೈರಸ್‌ಗೆ ಇಣುಕಲು ಆಗುವುದಿಲ್ಲ, ಅದಕ್ಕೇ ಹಾಗೆ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ಒಳಗಿದ್ದ ಕಡತಕ್ಕೆ ಪಿಡಿಎಫ್‌ನ ಚಿತ್ರ, ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂಬ ಅಕ್ಷರಗಳು. ಅದರಾಚೆ ‘ಇಎಕ್ಸ್‌ಇ’ ಎಂಬ ಬಾಲವಿತ್ತು, ಅಂದರೆ ಅದು ದಾಖಲೆಯಲ್ಲ, ಒತ್ತಿದರೆ ಓಡುವ ತಂತ್ರಾಂಶ. ವಿಂಡೋಸ್ ಆ ಬಾಲವನ್ನು ತಾನಾಗಿ ತೋರಿಸುವುದಿಲ್ಲ. 2000ನೇ ಇಸವಿಯಲ್ಲಿ ‘ಐ ಲವ್ ಯು’ ಹುಳು ಜಗತ್ತನ್ನು ಸುತ್ತಿದ್ದೂ ಇದೇ ಉಪಾಯದಿಂದ: ಕಣ್ಣಿಗೆ ಬಿದ್ದದ್ದು ಸಾದಾ ಪಠ್ಯದ ಕಡತ, ಬಾಲ ಬೇರೆಯದು. ಇಷ್ಟು ವರ್ಷ ಕಳೆದರೂ ಅದೇ ಹಳ್ಳಕ್ಕೆ ಬಿದ್ದೆ.

ಅರ್ಧ ಗಂಟೆಯಲ್ಲಿ ಎಲ್ಲ ಕಡತಗಳ ಹೆಸರೂ ಬದಲಾಗಿದ್ದವು, ಒಂದೂ ತೆರೆಯಲಿಲ್ಲ. ಬ್ಯಾಕಪ್ ಇತ್ತು, ಇಲ್ಲ ಎಂದಲ್ಲ. ಆದರೆ ಆ ಹಾರ್ಡ್ ಡಿಸ್ಕ್ ಸದಾ ಯಂತ್ರಕ್ಕೇ ಚುಚ್ಚಿಕೊಂಡಿರುತ್ತಿತ್ತು. ಅದೂ ಹೋಯಿತು. ಹಣ ಕೇಳಿದ ಚೀಟಿ ಬಂದ ಮೇಲೆ ಆಂಟಿವೈರಸ್ ‘ಅಪಾಯ ಪತ್ತೆಯಾಗಿದೆ’ ಎಂದಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಣ ಕೊಡಲಿಲ್ಲ. ಮೂರು ವಾರ ಕೂತು ಹಳೆಯ ಇ-ಮೇಲ್‌ಗಳಿಂದ, ಕಾಗದದ ಪ್ರತಿಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿದೆ. ಫೋಟೊಗಳು ಮಾತ್ರ ಹೋದವು.

ಈಗ ಎರಡು ಡಿಸ್ಕ್ ಇವೆ. ವಾರಕ್ಕೊಮ್ಮೆ ಒಂದನ್ನು ಚುಚ್ಚಿ, ನಕಲು ಮಾಡಿ, ಕಿತ್ತು ಕಪಾಟಿನಲ್ಲಿಡುತ್ತೇನೆ. ಮುಂದಿನ ವಾರ ಇನ್ನೊಂದು. ಕಡತಗಳ ಪೂರ್ತಿ ಹೆಸರು ಕಾಣಲು ಫೋಲ್ಡರ್ ತೆರೆದು ‘ವ್ಯೂ’, ‘ಶೋ’ ಒತ್ತಿ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಗುರುತು ಹಾಕಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬುದೂ ಇದೆ. ಅಪರಿಚಿತ ತಂತ್ರಾಂಶಗಳು ನಿಮ್ಮ ಫೋಲ್ಡರುಗಳನ್ನು ತಿದ್ದದಂತೆ ತಡೆಯುತ್ತದೆ. ಅದು ತಾನಾಗಿ ಚಾಲೂ ಇರುವುದಿಲ್ಲ, ನಾವೇ ಮಾಡಬೇಕು. ಕೆಲವೊಮ್ಮೆ ಒಳ್ಳೆಯ ತಂತ್ರಾಂಶಕ್ಕೂ ಅಡ್ಡ ಬಂದು ಕಿರಿಕಿರಿ ಮಾಡುತ್ತದೆ. ನಾನು ಸಹಿಸಿಕೊಂಡಿದ್ದೇನೆ.

ಅಪ್ಪನ ಕಂಪ್ಯೂಟರ್ ನೋಡಿಕೊಳ್ಳುವವರು

ಮೇಲಿನವರ ಮಾತು ನಿಮ್ಮಂಥವರಿಗೆ ಸರಿ. ಆದರೆ ನನ್ನ ಅಪ್ಪನಿಗೆ 74. ಪರದೆಯ ಮೇಲೆ ಏನು ಕಂಡರೂ ಅವರು ‘ಸರಿ’ ಒತ್ತುತ್ತಾರೆ. ಅವರ ಯಂತ್ರಕ್ಕೆ ನಾನು ದುಡ್ಡು ಕೊಟ್ಟೇ ಆಂಟಿವೈರಸ್ ಹಾಕಿಸಿದ್ದೇನೆ, ಪಶ್ಚಾತ್ತಾಪವಿಲ್ಲ. ಯಾವ ಬ್ರೌಸರ್ ತೆರೆದರೂ ಮೋಸದ ಪುಟಗಳನ್ನು ತಡೆಯುತ್ತದೆ, ಅವರ ಫೋನಿಗೂ ಅದೇ ಖಾತೆ ಆಗುತ್ತದೆ, ಏನಾಯಿತೆಂದು ನನಗೆ ವರದಿ ಬರುತ್ತದೆ. ಎಲ್ಲರಿಗೂ ಒಂದೇ ಮಾತ್ರೆ ಕೊಡಬೇಡಿ.

ದುರಸ್ತಿ ಕೆಲಸದವರು

ಒಪ್ಪಿದೆ. ಆದರೆ ಅವರ ಖಾತೆ ಅಡ್ಮಿನಿಸ್ಟ್ರೇಟರ್ ಆಗಿದೆಯೇ, ಸಾಮಾನ್ಯ ಖಾತೆಯೇ? ಸಾಮಾನ್ಯ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿ ಇಟ್ಟುಕೊಂಡರೆ, ವಿಂಡೋಸ್‌ನ ಬುಡಕ್ಕೆ ಕೈ ಹಾಕುವ ಯಾವುದನ್ನೂ ಅವರ ‘ಸರಿ’ ಒಂದೇ ಒಳಗೆ ಬಿಡಲಾರದು. ಬ್ರೌಸರ್‌ನೊಳಗೆ ಪಾಸ್‌ವರ್ಡ್ ಕಳ್ಳತನವಾಗುವುದನ್ನು ಇದು ತಡೆಯುವುದಿಲ್ಲ, ಅದು ಬೇರೆ ಮಾತು.

ಅಪ್ಪನ ಕಂಪ್ಯೂಟರ್ ನೋಡಿಕೊಳ್ಳುವವರು

ಅಡ್ಮಿನ್ ಆಗಿಯೇ ಇತ್ತು, ಇಂದು ಬದಲಿಸಿದೆ. ಪ್ರಾಮಾಣಿಕವಾಗಿ ಇನ್ನೊಂದು ಹೇಳಬೇಕು. ಹೋದ ವರ್ಷ ‘ನಿಮ್ಮ ಕಂಪ್ಯೂಟರಿನಿಂದ ವೈರಸ್ ಹರಡುತ್ತಿದೆ’ ಎಂದು ಅಪ್ಪನಿಗೆ ಫೋನ್ ಬಂತು. ಫೋನ್ ಮಾಡಿದವರು ಹೇಳಿದಂತೆ ಅಪ್ಪ ದೂರದಿಂದ ಯಂತ್ರ ನಡೆಸುವ ತಂತ್ರಾಂಶವನ್ನು ತಾವೇ ಇಳಿಸಿಕೊಂಡರು. ಆಂಟಿವೈರಸ್ ತುಟಿ ಬಿಚ್ಚಲಿಲ್ಲ. ಯಾಕೆ ಬಿಚ್ಚಬೇಕು? ಅದು ಕಚೇರಿಗಳಲ್ಲಿ ದಿನವೂ ಬಳಸುವ ಸಾಚಾ ತಂತ್ರಾಂಶ. ಅಷ್ಟರಲ್ಲಿ ಅಮ್ಮ ಬಂದು ತಂತಿ ಕಿತ್ತರು. ನಾನು ಕಟ್ಟಿದ ಚಂದಾಕ್ಕಿಂತ ಆ ಹೊತ್ತಿಗೆ ಅಮ್ಮನೇ ಕೆಲಸಕ್ಕೆ ಬಂದದ್ದು.

ಎಂಜಿನಿಯರಿಂಗ್ ವಿದ್ಯಾರ್ಥಿ

ನಾಚಿಕೆಯ ಕತೆ ನನ್ನದು. ಆಟವೊಂದರಲ್ಲಿ ಗೆಲ್ಲಲು ಯಾರೋ ಮಾಡಿಟ್ಟ ಕಳ್ಳದಾರಿಯ ತಂತ್ರಾಂಶ ಇಳಿಸಿಕೊಂಡೆ. ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ, ಅದು ಸುಮ್ಮನೆ ತಪ್ಪು ಎಚ್ಚರಿಕೆ ಕೊಡುತ್ತದೆ’. ಮಾಡಿದೆ. ಡಿಫೆಂಡರ್ ಎರಡು ಸಲ ಹಿಡಿದಿತ್ತು, ಎರಡು ಸಲವೂ ನಾನೇ ಬಿಡಿಸಿದೆ. ಪರದೆಯ ಮೇಲೆ ಏನೂ ಆಗಲಿಲ್ಲ. ಮರುದಿನ ನನ್ನ ಇ-ಮೇಲ್ ಖಾತೆಯಿಂದ ಪರಿಚಿತರಿಗೆಲ್ಲ ವಿಚಿತ್ರ ಸಂದೇಶಗಳು ಹೋಗಿದ್ದವು.

ಎರಡು ಹಂತದ ಪರಿಶೀಲನೆ ಇದ್ದರೂ ಹೇಗೆ ನುಗ್ಗಿದರು ಎಂಬುದು ನನ್ನ ಪ್ರಶ್ನೆಯಾಗಿತ್ತು. ಅವರು ಕದ್ದದ್ದು ಪಾಸ್‌ವರ್ಡ್ ಮಾತ್ರವಲ್ಲ, ಬ್ರೌಸರ್ ಇಟ್ಟುಕೊಂಡಿದ್ದ ಕುಕಿಗಳನ್ನು. ಒಮ್ಮೆ ಲಾಗಿನ್ ಆದವರನ್ನು ಮತ್ತೆ ಮತ್ತೆ ಕೇಳದಿರಲೆಂದು ಜಾಲತಾಣ ಕೊಡುವ ಗುರುತಿನ ಚೀಟಿ ಅದು. ಚೀಟಿ ಕೈಗೆ ಸಿಕ್ಕರೆ ಒಟಿಪಿ ಯಾರೂ ಕೇಳುವುದಿಲ್ಲ. ಆದ್ದರಿಂದ ಇಂಥದ್ದು ಆದರೆ ಬೇರೆ, ಶುದ್ಧವಾದ ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ, ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಒತ್ತಿ, ಆಮೇಲೆ ಕೆಟ್ಟ ಯಂತ್ರವನ್ನು ಫಾರ್ಮ್ಯಾಟ್ ಮಾಡಿ. ನಾನು ಕೆಟ್ಟ ಯಂತ್ರದಲ್ಲೇ ಕೂತು ಹೊಸ ಪಾಸ್‌ವರ್ಡ್ ಹಾಕಿದ್ದೆ. ಅದೂ ಅವರಿಗೆ ತಲುಪಿತು.

ಮ್ಯಾಕ್ ಬಳಸುವವರು

ಮ್ಯಾಕ್‌ಗೆ ವೈರಸ್ ಬರುವುದಿಲ್ಲ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬುದು ಜಾವಾ ಎಂಬ ತಂತ್ರಾಂಶದ ಬಿರುಕಿನಿಂದ ನುಗ್ಗಿ ಸುಮಾರು 6 ಲಕ್ಷ ಮ್ಯಾಕ್‌ಗಳನ್ನು ಹಿಡಿಯಿತು. ಆಪಲ್ ಕೂಡ ಎಕ್ಸ್‌ಪ್ರೊಟೆಕ್ಟ್ ಎಂಬ ಕಾವಲನ್ನು ಒಳಗೇ ಇಟ್ಟಿದೆ. ನಾನು ಬೇರೇನೂ ಹಾಕಿಕೊಂಡಿಲ್ಲ, ಅಪ್‌ಡೇಟ್ ಮಾತ್ರ ತಪ್ಪಿಸುವುದಿಲ್ಲ.

ತಂತ್ರಾಂಶ ಬರೆಯುವವರು

ಆಂಟಿವೈರಸ್ ಹಾಕಿದರೆ ನಷ್ಟವೇನು ಎಂದು ಯಾರೂ ಕೇಳಲಿಲ್ಲವಲ್ಲ. ಅದು ನಿಮ್ಮ ಯಂತ್ರದ ಅತಿ ಒಳಗಿನ ಕೋಣೆಯ ಕೀಲಿ ಪಡೆಯುತ್ತದೆ. ಆಂಟಿವೈರಸ್ ಮಾಡುವ ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ಪುಟ ನೋಡಿದರು ಎಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. 2010ರಲ್ಲಿ ಮೆಕಫೀ ಎಂಬ ಆಂಟಿವೈರಸ್‌ನ ಒಂದು ಅಪ್‌ಡೇಟ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿ ಯಂತ್ರಗಳನ್ನು ಕೆಡವಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಅದು ಸಂಸ್ಥೆಗಳಿಗೆ ಮಾರುವ ಸರಕು, ಮನೆಗಲ್ಲ, ಆದರೂ ನೆನಪಿರಲಿ. ಉಚಿತ ಎಂದು ಕಂಡದ್ದನ್ನೆಲ್ಲ ಹಾಕಿಕೊಳ್ಳುವ ಮೊದಲು ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ಯೋಚಿಸಿ.

ಅಪ್‌ಡೇಟ್ ಬಗ್ಗೆ ಒಂದು ಮಾತು. ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ದಾಳಿ ಆದದ್ದು 2017ರ ಮೇ 12ರಂದು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎರಡು ತಿಂಗಳು ‘ಆಮೇಲೆ ನೆನಪಿಸು’ ಒತ್ತಿದವರು ಸಿಕ್ಕಿಬಿದ್ದರು. ಇನ್ನೂ ವಿಂಡೋಸ್ 10ರಲ್ಲಿ ಇರುವವರು ಗಮನಿಸಿ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೂರು ಸೋರುವಾಗ ಬಾಗಿಲಿಗೆ ಎರಡನೇ ಬೀಗ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಳೆಯ ಆಂಟಿವೈರಸ್ಸನ್ನು ಕಿತ್ತೆ. ಡಿಫೆಂಡರ್ ನಿಜಕ್ಕೂ ಹಿಂದೆ ಸರಿದಿತ್ತು, ಈಗ ಚಾಲೂ ಇದೆ. ಪೂರ್ತಿ ತಪಾಸಣೆ ಮಾಡಿಸಿದೆ, ಏನೂ ಸಿಗಲಿಲ್ಲ. ಆದರೆ ಕೆಂಪು ಪಟ್ಟಿ ಇನ್ನೂ ಬರುತ್ತಿದೆ! ಸಣ್ಣಕ್ಷರ ಓದಿದೆ: ಆಂಟಿವೈರಸ್‌ನ ಹೆಸರೇ ಇಲ್ಲ, ಬ್ರೌಸರ್‌ನ ಹೆಸರು ಮತ್ತು ಯಾವುದೋ ಕೇಳರಿಯದ ಜಾಲತಾಣದ ವಿಳಾಸವಿದೆ.

ದುರಸ್ತಿ ಕೆಲಸದವರು

ಅದೇ ಅನುಮಾನವಿತ್ತು. ಅದು ಎಚ್ಚರಿಕೆಯಲ್ಲ, ಜಾಹೀರಾತು. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಪುಟ ಕೇಳಿರುತ್ತದೆ, ನೀವು ಒತ್ತಿರುತ್ತೀರಿ. ಅಂದಿನಿಂದ ಅದಕ್ಕೆ ನಿಮ್ಮ ಪರದೆಯ ಮೂಲೆಯಲ್ಲಿ ನೋಟಿಫಿಕೇಷನ್ ತೋರಿಸುವ ಹಕ್ಕು. ಒತ್ತಿದರೆ ನಕಲಿ ಆಂಟಿವೈರಸ್ ಮಾರುವ ಪುಟಕ್ಕೆ ಹೋಗುತ್ತೀರಿ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್‌ಗಳ ಪಟ್ಟಿ ತೆರೆದು, ಅನುಮತಿ ಪಡೆದ ಅಪರಿಚಿತರನ್ನೆಲ್ಲ ತೆಗೆದುಹಾಕಿ. ಆ ಕೆಂಪು ಪಟ್ಟಿಯನ್ನು ಮಾತ್ರ ಒತ್ತಬೇಡಿ.

ಪ್ರಶ್ನೆ ಕೇಳಿದವರು

ಮೂರು ಜಾಲತಾಣಗಳಿದ್ದವು, ಮೂರನ್ನೂ ಹೊರಗಟ್ಟಿದೆ. ಬೆಳಗಿನಿಂದ ಪರದೆಯ ಮೂಲೆ ಖಾಲಿಯಾಗಿದೆ. ಚಂದಾಕ್ಕೆಂದು ಎತ್ತಿಟ್ಟ ಹಣದಲ್ಲಿ ಹಾರ್ಡ್ ಡಿಸ್ಕ್ ತರಿಸಿದ್ದೇನೆ; ಫೋಟೊಗಳು ನಕಲಾಗುತ್ತಿವೆ, ಇನ್ನೂ ನಲವತ್ತು ನಿಮಿಷ ಎಂದು ತೋರಿಸುತ್ತಿದೆ. ಮುಗಿದ ಕೂಡಲೇ ಕಿತ್ತಿಡುತ್ತೇನೆ.