ಥಾಯ್ಲೆಂಡಿನಲ್ಲಿ ಶಿಕ್ಷಕ ವೃತ್ತಿಯಿಂದ ನಿವೃತ್ತರಾದ ಮೇಲೆ ಅಲ್ಲಿಯೇ ನೆಲೆಸುವುದು ಹೇಗೆ?

ಪ್ರಶ್ನೆ:
ಹದಿನಾಲ್ಕು ವರ್ಷಗಳಿಂದ ಥಾಯ್ಲೆಂಡಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ನನಗೀಗ 57 ವರ್ಷ. ಬರುವ ಮಾರ್ಚ್‌ನಲ್ಲಿ ಒಪ್ಪಂದ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮನಸ್ಸು ನನಗಿಲ್ಲ, ಶಾಲೆಗೂ ಇದ್ದಂತಿಲ್ಲ. ನಾನ್-ಇಮಿಗ್ರಂಟ್ ಬಿ ವೀಸಾ (ಇಲ್ಲಿ ಕೆಲಸಕ್ಕೆ ಬರುವ ವಿದೇಶಿಯರ ವೀಸಾ), ವರ್ಕ್ ಪರ್ಮಿಟ್ ಮುಂತಾದ ಕಾಗದಪತ್ರಗಳನ್ನೆಲ್ಲ ಇಷ್ಟು ವರ್ಷ ಶಾಲೆಯ ಕಚೇರಿಯವರೇ ನೋಡಿಕೊಂಡಿದ್ದರಿಂದ ಇದರ ಒಳಹೊರಗು ನನಗೆ ತಿಳಿಯದು. ಪತ್ನಿಯೊಂದಿಗೆ ಇಲ್ಲಿಯೇ ಉಳಿಯಬೇಕೆಂದಿದ್ದೇನೆ. ನಿವೃತ್ತಿಯ ಆಧಾರದ ಮೇಲೆ ವಾಸ್ತವ್ಯದ ಅನುಮತಿಯನ್ನು ವರ್ಷ ವರ್ಷ ಮುಂದುವರಿಸಿಕೊಳ್ಳುವ ವಾರ್ಷಿಕ ವಿಸ್ತರಣೆ ಸಾಕೇ, ಅಥವಾ ಕಾಯಂ ವಾಸದ ಪರವಾನಗಿಗೆ ಪ್ರಯತ್ನಿಸಬೇಕೇ?

ಉತ್ತರ 1:
ನಿಮ್ಮ ಸದ್ಯದ ವಾಸ್ತವ್ಯಕ್ಕೆ ಉದ್ಯೋಗವೇ ಆಧಾರ. ಪಾಸ್‌ಪೋರ್ಟಿನ ಮುದ್ರೆಯಲ್ಲಿ ಇನ್ನೂ ಹಲವು ತಿಂಗಳು ಉಳಿದಿದ್ದರೂ, ಕೆಲಸ ಬಿಟ್ಟ ದಿನಕ್ಕೇ ಆ ಅನುಮತಿಯೂ ಮುಗಿಯುತ್ತದೆ. 1,900 ಬಾತ್ (ಥಾಯ್ಲೆಂಡಿನ ಹಣ) ಕಟ್ಟಿ ಇನ್ನೂ ಏಳು ದಿನ ಉಳಿಯಲು ಅನುಮತಿ ಕೇಳಿಕೊಳ್ಳಬಹುದು, ಆದರೆ ಏಳು ದಿನದಲ್ಲಿ ಆಗುವ ಕೆಲಸ ಇದಲ್ಲ. ಆದ್ದರಿಂದ ಸಿದ್ಧತೆಯನ್ನು ಈಗಲೇ ಆರಂಭಿಸಿ.

ನಿವೃತ್ತಿ ವಿಸ್ತರಣೆಗೆ 50 ವರ್ಷ ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯವಿರಬೇಕು. ಎರಡನ್ನೂ ಸೇರಿಸಿ ವರ್ಷಕ್ಕೆ 8,00,000 ತುಂಬಿಸುವುದಕ್ಕೂ ಅವಕಾಶವಿದೆ. ಠೇವಣಿಯ ದಾರಿ ಹಿಡಿದರೆ ಹಣವು ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿದ್ದು, ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಅಲ್ಲಿಯೇ ಇರಬೇಕು. ಆಮೇಲೂ 4,00,000ಕ್ಕಿಂತ ಕೆಳಗೆ ಇಳಿಯಕೂಡದು. ನಾನು ಉಳಿತಾಯವನ್ನು ಬೇರೆ ಕಡೆ ತೊಡಗಿಸಿದ್ದವನು, ಅದನ್ನು ಬಿಡಿಸಿ ಖಾತೆಗೆ ತರುವಷ್ಟರಲ್ಲಿ ತಡವಾಗಿ, ಎರಡು ತಿಂಗಳಿಗೆ ಒಂಬತ್ತು ದಿನ ಕಡಿಮೆ ಬಿತ್ತು. ಆ ಒಂಬತ್ತು ದಿನಕ್ಕಾಗಿ ದೇಶ ಬಿಟ್ಟು ಹೋಗಿ, ಮತ್ತೆ ಹೊಸ ವೀಸಾದಿಂದ ಆರಂಭಿಸಬೇಕಾಯಿತು. ಬಿ ವರ್ಗದಿಂದ ನಿವೃತ್ತಿಗೆ ಬದಲಾಯಿಸುವ ಕ್ರಮ ಕಚೇರಿಯಿಂದ ಕಚೇರಿಗೆ ಸ್ವಲ್ಪ ಬೇರೆಯಾಗಿರುವುದರಿಂದ, ನಿಮ್ಮ ಪ್ರಾಂತದ ಇಮಿಗ್ರೇಷನ್ ಕಚೇರಿಗೆ ಒಮ್ಮೆ ಖುದ್ದಾಗಿ ಹೋಗಿ ವಿಚಾರಿಸಿ.

ಉತ್ತರ 2:
ಕಾಯಂ ವಾಸದ ಬಗ್ಗೆ ಹೇಳುವುದಾದರೆ, ಹೆಚ್ಚಿನ ಶಿಕ್ಷಕರು ಅದನ್ನು ನಿವೃತ್ತಿಯ ನಂತರದ ವಿಷಯವೆಂದು ತಿಳಿದು ಕೈತಪ್ಪಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಉದ್ಯೋಗದ ವರ್ಗದಡಿ ಅರ್ಜಿ ಹಾಕುವುದು ಕೆಲಸದಲ್ಲಿರುವಾಗಲೇ: ಸತತ ಮೂರು ವರ್ಷ ವಾರ್ಷಿಕ ವಿಸ್ತರಣೆಯ ಮೇಲೆ ಇದ್ದಿರಬೇಕು, ಸಾಮಾನ್ಯವಾಗಿ ತಿಂಗಳಿಗೆ 80,000 ಬಾತ್ ಸಂಬಳ ತೋರಿಸಬೇಕು, ಥಾಯ್ ಭಾಷೆಯಲ್ಲಿ ಸಂದರ್ಶನವನ್ನೂ ಎದುರಿಸಬೇಕು. ಒಂದು ದೇಶದವರಿಗೆ ವರ್ಷಕ್ಕೆ 100 ಮಂದಿಯ ಮಿತಿಯಿದೆ. ಅರ್ಜಿ ಶುಲ್ಕ 7,600 ಬಾತ್. ಮಂಜೂರಾದರೆ ಮತ್ತೆ 1,91,400 ಬಾತ್. ಅರ್ಜಿಗಳನ್ನು ರೂಢಿಯಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಸ್ವೀಕರಿಸುತ್ತಾರೆ, ತೀರ್ಮಾನಕ್ಕೆ ಬಹಳ ಕಾಲ ಹಿಡಿಯುತ್ತದೆ. ಮಾರ್ಚ್‌ನಲ್ಲಿ ಕೆಲಸ ಬಿಡುವವರಿಗೆ ಇದು ತಡವಾಯಿತೆಂದೇ ನನ್ನ ಅನಿಸಿಕೆ. ಒಪ್ಪಂದವನ್ನು ಇನ್ನೆರಡು ವರ್ಷ ಮುಂದುವರಿಸುವ ಸಾಧ್ಯತೆಯಿದ್ದರೆ ಮಾತು ಬೇರೆ.

ಉತ್ತರ 3:
ಆರೋಗ್ಯದ ಮಾತನ್ನು ಯಾರೂ ಎತ್ತಲಿಲ್ಲ. ನೀವು ಚಿಕಿತ್ಸೆಯ ಖರ್ಚನ್ನೂ ನೋಡಿಕೊಳ್ಳುವ ಸರ್ಕಾರಿ ಸಾಮಾಜಿಕ ಭದ್ರತಾ ನಿಧಿಗೆ ವಂತಿಗೆ ಕಟ್ಟುತ್ತಿದ್ದೀರೋ, ಖಾಸಗಿ ಶಾಲಾ ಶಿಕ್ಷಕರ ಪ್ರತ್ಯೇಕ ಕಲ್ಯಾಣ ನಿಧಿಯಲ್ಲಿದ್ದೀರೋ ಎಂಬುದನ್ನು ಸಂಬಳದ ಚೀಟಿಯಲ್ಲಿ ನೋಡಿಕೊಳ್ಳಿ. ಮೊದಲನೆಯದಾಗಿದ್ದು, ಕನಿಷ್ಠ 12 ತಿಂಗಳ ವಂತಿಗೆ ಕಟ್ಟಿದ್ದರೆ, ಕೆಲಸ ಬಿಟ್ಟ ಆರು ತಿಂಗಳೊಳಗೆ ಸಾಮಾಜಿಕ ಭದ್ರತಾ ಕಾಯ್ದೆಯ 39ನೇ ಕಲಮಿನಡಿ ಆ ನಿಧಿಯಲ್ಲಿ ಸ್ವಇಚ್ಛೆಯಿಂದ ಮುಂದುವರಿಯಬಹುದು. ಲೆಕ್ಕಕ್ಕೆ ಹಿಡಿಯುವ 4,800 ಬಾತ್ ಮೂಲ ಮೊತ್ತಕ್ಕೆ ಶೇ 9ರಂತೆ ವಂತಿಗೆ ತಿಂಗಳಿಗೆ 432 ಬಾತ್ ಆಗುತ್ತದೆ. ಈ ವಯಸ್ಸಿನಲ್ಲಿ ಇಷ್ಟು ಅಗ್ಗಕ್ಕೆ ಖಾಸಗಿ ವಿಮೆ ಕನಸಿನಲ್ಲೂ ಸಿಗದು.

ಇನ್ನೊಂದು ಮಾತು. ನಿವೃತ್ತಿ ವಿಸ್ತರಣೆಯಲ್ಲಿರುವವರು ಸಂಬಳಕ್ಕೆ ದುಡಿಯುವಂತಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಹೇಳಿಕೊಡುವ ಟ್ಯೂಷನ್ನೂ ಕೆಲಸವೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಒಪ್ಪಂದ ಮುಂದುವರಿಯುವುದಿಲ್ಲ, ಹಾಗಾಗಿ ವಾರ್ಷಿಕ ವಿಸ್ತರಣೆಯನ್ನೇ ನಂಬುತ್ತೇನೆ. ಉಳಿತಾಯವೆಲ್ಲ ಪತ್ನಿಯೊಂದಿಗಿನ ಜಂಟಿ ಖಾತೆಯಲ್ಲಿದೆ. ಅದು ನಡೆಯುತ್ತದೆಯೇ? ಅವರಿಗೂ ಪ್ರತ್ಯೇಕವಾಗಿ ಅಷ್ಟೇ ಹಣ ತೋರಿಸಬೇಕೇ?

ಉತ್ತರ 1:
ಜಂಟಿ ಖಾತೆ ನಡೆಯುವುದಿಲ್ಲ, ನಿಮ್ಮೊಬ್ಬರ ಹೆಸರಿನಲ್ಲೇ ಇರಬೇಕು. ಪತ್ನಿಯವರು ನಿಮ್ಮ ಅವಲಂಬಿತರಾಗಿ ವಿಸ್ತರಣೆ ಪಡೆಯಬಹುದಾದ್ದರಿಂದ ಅವರಿಗೆ ಬೇರೆ ಠೇವಣಿ ಬೇಡ. ವಿವಾಹ ಪ್ರಮಾಣಪತ್ರವನ್ನು ದೃಢೀಕರಿಸಿ, ಥಾಯ್ ಭಾಷೆಗೆ ಅನುವಾದಿಸಿಡಿ. ಹಣವನ್ನು ಡಿಸೆಂಬರ್‌ನಲ್ಲೇ ವರ್ಗಾಯಿಸಿಬಿಡಿ, ಜನವರಿಯವರೆಗೆ ಕಾಯಬೇಡಿ.